ಕಾಣದ ಸಾಮ್ರಾಜ್ಯ: ಮಂಗಳೂರು ಬಂದರಿನ ಚರಿತ್ರೆಯಲ್ಲೊಂದು ವಿಚಾರ

ಕ್ರಿ. ಶ. 1797ನೆಯ ಇಸವಿಯ ಆರಂಭದಲ್ಲಿ, ಮುಂದೆ ಸಾಗಲಾರದಂತೆ ಕೆಟ್ಟುಹೋಗಿದ್ದ ಫ್ರೆಂಚ್ ಹಡಗೊಂದು ಮಂಗಳೂರಿನ ಬಂದರಿಗೆ ಬಂದು ಸೇರಿತು. ನೇತ್ರಾವತಿಯೂ ಗುರುಪುರದ ಹೊಳೆಯೂ ಕೂಡಿ ಕಡಲಿಗೆ ಬೀಳುವ ಅಳಿವೆಯ ಒಳಗಣ ಆ ಬಂದರು ಆಗ ಟಿಪ್ಪು ಸುಲ್ತಾನನ ಅಧೀನದಲ್ಲಿದ್ದಿತು. ಹಡಗಿನ ನಾಯಕನಾದ ಫ್ರಾನ್ಸ್ವಾ ರಿಪೋ ಎಂಬವನು ಶತ್ರುಗಳ ಹಡಗುಗಳನ್ನು ಹಿಡಿದು ಸೂರೆಮಾಡುವ ಪರವಾನಗಿಯಿಂದ ಬಾಳುತ್ತಿದ್ದ ಖಾಸಗಿ ನಾವಿಕ. ಅವನನ್ನು ಇಲ್ಲಿಂದ ಶ್ರೀರಂಗಪಟ್ಟಣಕ್ಕೆ ಕರೆಯಿಸಿಕೊಳ್ಳಲಾಯಿತು. ಅದೇ ವರ್ಷ, ಸಾವಿರಾರು ಮೈಲು ದೂರದ ಲಂಡನ್ ನಗರದಲ್ಲಿ ಫ್ರೆಂಚ್ ಪಾದ್ರಿಯೊಬ್ಬನೂ ಎಡಿನ್‌ಬರೋ ನಗರದಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕನೊಬ್ಬನೂ ಬೇರೆಬೇರೆಯಾಗಿ ಒಂದೊಂದು ಗ್ರಂಥವನ್ನು ಪ್ರಕಟಿಸಿದರು. ಲೋಕದ ಸಿಂಹಾಸನಗಳನ್ನೂ ಧರ್ಮಪೀಠಗಳನ್ನೂ ಕೆಡವಿ ಭೂಮಂಡಲವನ್ನು ಮರೆಯಲ್ಲಿದ್ದುಕೊಂಡೇ ಆಳಬಯಸುವ ಗುಪ್ತಸಂಘವೊಂದುಂಟೆಂಬುದೇ ಆ ಎರಡು ಗ್ರಂಥಗಳ ಪ್ರತಿಪಾದ್ಯ. ನಾವಿಕನಿಗೆ ಆ ಗ್ರಂಥಕಾರರ ಪರಿಚಯವಿರಲಿಲ್ಲ. ಗ್ರಂಥಕಾರರಿಗೆ ಮಂಗಳೂರಿನ ಯೋಚನೆಯಿರಲಿಲ್ಲ. ಆದರೂ ನಾವಿಕನ ಬಡಾಯಿಯೂ ಗ್ರಂಥಕಾರರು ವರ್ಣಿಸಿದಂತಹ ಭೀತಿಯೂ ಎರಡೇ ವರ್ಷಗಳೊಳಗೆ ಒಂದು ರಾಜ್ಯದ ಅಳಿವಿನಲ್ಲಿ ಒಂದನ್ನೊಂದು ಕೂಡಿಕೊಂಡವು.

ಆ ಫ್ರೆಂಚ್ ಪಾದ್ರಿಯ ಹೆಸರು ಆಗಸ್ಟಿನ್ ಬಾರ್ಯುಯೆಲ್. ಫ್ರಾನ್ಸ್ ದೇಶದ ಮಹಾಕ್ರಾಂತಿಯ ಕಾಲದಲ್ಲಿ ಪ್ರಾಣಭಯದಿಂದ ಇಂಗ್ಲೆಂಡಿಗೆ ಓಡಿಬಂದವನು. ತನ್ನ ಅರಸನ ತಲೆ ಉರುಳಿದುದನ್ನೂ, ಜತೆಯ ಪಾದ್ರಿಗಳು ಕೊಲೆಗೀಡಾದುದನ್ನೂ, ಇಗರ್ಜಿಗಳು ಹಾಳಾದುದನ್ನೂ ಕೇಳಿ ತಿಳಿದ ಆತನಿಗೆ, ಇಷ್ಟೊಂದು ದೊಡ್ಡ ಅನರ್ಥವು ಹಸಿವು, ಸಾಲ, ತೆರಿಗೆ, ಪ್ರಭುಗಳ ಅವಿವೇಕ ಮುಂತಾದ ಸಾಮಾನ್ಯ ಕಾರಣಗಳಿಂದ ಉಂಟಾಗಿರಬಹುದೆಂದು ನಂಬಲಾಗಲಿಲ್ಲ. ದೇವಪೀಠದ ವಿರುದ್ಧ ತತ್ತ್ವಜ್ಞಾನಿಗಳೂ, ರಾಜಪೀಠದ ವಿರುದ್ಧ ಫ್ರೀಮೇಸನ್ ಎಂಬ ಸಂಘದವರೂ, ಇವೆರಡಷ್ಟೇ ಅಲ್ಲದೆ ಸಮಸ್ತ ಸಮಾಜದ ವಿರುದ್ಧ ಇಲ್ಲುಮಿನಾಟಿ ಎಂಬ ಸಂಘದವರೂ ಸೇರಿ ಮೂರು ಮೆಟ್ಟಿಲುಗಳಲ್ಲಿ ಒಳಸಂಚನ್ನು ನಡೆಯಿಸಿದರೆಂದು ಅವನು ನಾಲ್ಕು ಸಂಪುಟಗಳಲ್ಲಿ ವಾದಿಸಿದನು. ಎಡಿನ್‌ಬರೋದ ಪ್ರಾಧ್ಯಾಪಕ ಜಾನ್ ರಾಬಿಸನ್ನನದೂ ಬಹುಮಟ್ಟಿಗೆ ಇದೇ ವಾದ.

ಇಲ್ಲುಮಿನಾಟಿ ಎಂಬ ಸಂಘವು ಕೇವಲ ಕಲ್ಪನೆಯಾಗಿರಲಿಲ್ಲ. 1776ರ ಮೇ 1ರಂದು ಜರ್ಮನಿಯ ಬವೇರಿಯ ಪ್ರಾಂತದ ಇಂಗೋಲ್‌ಸ್ಟಾಟ್ ಎಂಬ ಊರಿನಲ್ಲಿ ಆಡಂ ವೈಸ್‌ಹೌಪ್ಟ್ ಎಂಬ ಧರ್ಮಶಾಸನದ ಪ್ರಾಧ್ಯಾಪಕನು ಅದನ್ನು ಸ್ಥಾಪಿಸಿದ್ದನು. ಮೂಢನಂಬಿಕೆಯನ್ನೂ ಪಾದ್ರಿಗಳ ಅಧಿಕಾರವನ್ನೂ ಕುಗ್ಗಿಸುವುದು ಅದರ ಉದ್ದೇಶ. ಬವೇರಿಯದ ಸರಕಾರವು 1784ರಲ್ಲಿ ಎಲ್ಲ ಗುಪ್ತಸಂಘಗಳನ್ನೂ, 1785ರಲ್ಲಿ ಹೆಸರು ಹಿಡಿದು ಇದನ್ನೂ ನಿಷೇಧಿಸಿತು. ಅದರ ಕಾಗದಪತ್ರಗಳನ್ನು ವಶಪಡಿಸಿಕೊಂಡು ಅಚ್ಚುಹಾಕಿಸಿತು. ಅಲ್ಲಿಗೆ ಸಂಘದ ಕಥೆ ಮುಗಿಯಿತು. ಆದರೆ ಸತ್ತ ಸಂಘಕ್ಕೆ ಒಂದು ಅನುಕೂಲವುಂಟು: ಅದು ತನ್ನ ಮೇಲಣ ಆರೋಪವನ್ನು ಅಲ್ಲಗಳೆಯಲಾರದು. ಅದು ಎಲ್ಲಿಯೂ ಕಾಣದಿರುವುದೇ, ಅದು ಎಲ್ಲೆಲ್ಲಿಯೂ ಇದೆಯೆಂಬುದಕ್ಕೆ ಪ್ರಮಾಣವಾಯಿತು. ಕ್ರಾಂತಿಯನ್ನು ಕಣ್ಣಾರೆ ಕಂಡು, ಅದರ ಮೊದಲ ಸಭೆಗೆ ಅಧ್ಯಕ್ಷನೂ ಆಗಿದ್ದ ಮೂನಿಯೇ ಎಂಬವನು 1801ರಲ್ಲಿ ಈ ವಾದವನ್ನು ಸಾಧಾರವಾಗಿ ಖಂಡಿಸಿದನು. ಖಂಡನೆಯನ್ನು ಓದಿದವರು ಕೆಲವರು. ಮೂಲವನ್ನು ಓದಿ ಬೆಚ್ಚಿದವರು ಹಲವರು.

ಈ ನಂಬಿಕೆಯು ರಾಜಕೀಯದ ಉಡುಪನ್ನು ತೊಟ್ಟಿದ್ದರೂ ಅದರ ಮೂಲವು ಮತಶ್ರದ್ಧೆಯಲ್ಲಿದೆ. ಕ್ರೈಸ್ತರ ಧರ್ಮಗ್ರಂಥದ ಕೊನೆಯ ಭಾಗವಾದ ಪ್ರಕಟನೆಯಲ್ಲಿ, ಲೋಕಾಂತ್ಯಕ್ಕೆ ಮೊದಲು ಸಮುದ್ರದಿಂದ ಮೃಗವೊಂದು ಏರಿಬಂದು ಸಕಲ ಜನಾಂಗಗಳ ಮೇಲೂ ಅಧಿಕಾರ ನಡೆಯಿಸುವುದೆಂಬ ದರ್ಶನವಿದೆ. ಆ ಮೃಗವನ್ನು ಕ್ರಿಸ್ತವಿರೋಧಿಯೆಂದು ತಿಳಿದು, ಅದು ಇಂಥವನೇ ಎಂದು ಗುರುತಿಸುವ ಪ್ರಯತ್ನವು ಶತಮಾನಗಳಿಂದಲೂ ನಡೆಯಿತು. ಲೂಥರನ ಅನುಯಾಯಿಗಳು ರೋಮಿನ ಪೋಪನನ್ನೇ ಬೊಟ್ಟುಮಾಡಿ ತೋರಿಸಿದರು. ಪೋಪ್ ಹನ್ನೆರಡನೆಯ ಕ್ಲೆಮೆಂಟನು 1738ರಲ್ಲಿ ಫ್ರೀಮೇಸನ್ನರನ್ನು ಬಹಿಷ್ಕರಿಸಿದನು. ಯೇಸುಸಭೆಯವರಾದ ಜೆಸುಯಿಟರು ರಹಸ್ಯಸೂಚನೆಗಳ ಮೂಲಕ ಅರಸರನ್ನೂ ಧನಿಕರನ್ನೂ ವಶಮಾಡಿಕೊಳ್ಳುತ್ತಾರೆಂದು ಹೇಳುವ ಪುಸ್ತಕವೊಂದು 1614ರಲ್ಲಿ ಪೋಲೆಂಡಿನ ಕ್ರಾಕೌದಲ್ಲಿ ಹೊರಬಿದ್ದಿತು. ಅದು ಆ ಸಭೆಯಿಂದ ಹೊರಹಾಕಲ್ಪಟ್ಟವನೊಬ್ಬನ ಕೃತ್ರಿಮ. ಆದರೂ ಇನ್ನೂರು ವರ್ಷ ಅದನ್ನು ನಂಬಿದವರಿದ್ದರು. ಪೋರ್ಚುಗಲ್, ಫ್ರಾನ್ಸ್, ಸ್ಪೇಯಿನ್ ದೇಶಗಳಿಂದ ಜೆಸುಯಿಟರನ್ನು ಹೊರದೂಡಿದ ಮೇಲೆ 1773ರಲ್ಲಿ ಪೋಪನೇ ಆ ಸಭೆಯನ್ನು ವಿಸರ್ಜಿಸಿದನು. ಗಮನಿಸತಕ್ಕ ಸಂಗತಿಯೆಂದರೆ, ಬಾರ್ಯುಯೆಲ್ಲನೂ ಆ ಸಭೆಗೆ ಸೇರಿದ್ದವನೇ. ಲೋಕವನ್ನು ಗುಪ್ತವಾಗಿ ಆಳಬಯಸುವರೆಂಬ ಯಾವ ಅಪವಾದವು ತನ್ನ ಗುರುಸೋದರರ ಮೇಲೆ ಬಿದ್ದಿತ್ತೋ, ಅದನ್ನೇ ಅವನು ಎತ್ತಿ ಇತರರ ತಲೆಯ ಮೇಲೆ ಹೊರಿಸಿದನು.

ಇನ್ನು ಶ್ರೀರಂಗಪಟ್ಟಣಕ್ಕೆ ಹೋದ ನಾವಿಕನ ವಿಷಯ. ರಿಪೋ ತಾನು ಮಾರಿಷಸ್ ದ್ವೀಪದ ಫ್ರೆಂಚ್ ಅಧಿಕಾರಿಗಳಲ್ಲಿ ಒಬ್ಬನೆಂದೂ, ಅಲ್ಲಿ ದೊಡ್ಡ ಸೈನ್ಯವೊಂದು ಸುಲ್ತಾನನ ಕರೆಯನ್ನೇ ಎದುರುನೋಡುತ್ತಿದೆಯೆಂದೂ ಹೇಳಿಕೊಂಡನು. ಆಸ್ಥಾನದ ಹಿರಿಯರು ಇವನ ಮಾತನ್ನು ನಂಬಬಾರದೆಂದು ಎಚ್ಚರಿಸಿದರು. 1792ರ ಸಂಧಿಯಲ್ಲಿ ರಾಜ್ಯದ ಅರ್ಧವನ್ನು ಕಳೆದುಕೊಂಡು, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟಿದ್ದ ಸುಲ್ತಾನನಿಗೆ ಮಾತ್ರ ಆ ಮಾತು ಬೇಕಾಗಿತ್ತು. ಆ ವರ್ಷದ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದಲ್ಲಿದ್ದ ಸುಮಾರು ಅರುವತ್ತು ಮಂದಿ ಫ್ರೆಂಚರು ರಿಪೋವಿನ ನೇತೃತ್ವದಲ್ಲಿ ಕ್ರಾಂತಿಕಾರರ ಜಾಕೋಬಿನ್ ಕೂಟವೊಂದನ್ನು ನಡೆಯಿಸಿ, ಸ್ವಾತಂತ್ರ್ಯವೃಕ್ಷವನ್ನು ನೆಟ್ಟು, ಧ್ವಜವನ್ನೇರಿಸಿದರೆಂದು ಕುಂಪಣಿಯವರು ಬಳಿಕ ಪ್ರಕಟಿಸಿದ ಕಾಗದಗಳಿಂದ ತಿಳಿಯುತ್ತದೆ. ಸಕಲ ಅರಸರನ್ನೂ ದ್ವೇಷಿಸುವೆವೆಂದು ಅವರು ಪ್ರತಿಜ್ಞೆಮಾಡಿದರಂತೆ. ಆದರೆ ಟಿಪ್ಪು ಸುಲ್ತಾನನೊಬ್ಬನನ್ನು ಮಾತ್ರ ಆ ದ್ವೇಷದಿಂದ ಬಿಟ್ಟರಂತೆ. ಈ ಕಾಗದಗಳಲ್ಲಿ ಎಷ್ಟು ನಿಜ, ಎಷ್ಟು ಉಬ್ಬಿಸಿದ್ದು ಎಂಬುದರ ಕುರಿತು ತರುವಾಯದ ಚರಿತ್ರಕಾರರಲ್ಲಿ ಸಂದೇಹಗಳಿವೆ. ಪೂರ್ಣವಾಗಿ ನಿಜವೆಂದೇ ಇಟ್ಟುಕೊಂಡರೂ, ಅರಸನ ಅಂಗಳದಲ್ಲಿ, ಅರಸನ ಅಪ್ಪಣೆಯಿಂದ, ಫಿರಂಗಿಗಳ ಮರ್ಯಾದೆಯೊಡನೆ ನಡೆದ ಕೂಟವನ್ನು ಗುಪ್ತಸಂಘವೆಂದು ಕರೆಯುವುದು ಕಷ್ಟ.

ನಿಜವಾಗಿ ಗುಪ್ತವಾಗಿರಬೇಕಾಗಿದ್ದುದು ಇನ್ನೊಂದು ಕಾರ್ಯ. ಸುಲ್ತಾನನು ಇಬ್ಬರು ರಾಯಭಾರಿಗಳನ್ನು ವರ್ತಕರ ವೇಷದಲ್ಲಿ ಮಂಗಳೂರಿನಿಂದಲೇ ಹಡಗು ಹತ್ತಿಸಿ ಮಾರಿಷಸಿಗೆ ಕಳುಹಿಸಿದನು. 1798ರ ಜನವರಿಯಲ್ಲಿ ಅವರು ಅಲ್ಲಿ ಇಳಿದಾಗ ಗವರ್ನರ್ ಮಲಾರ್ತಿಕನು ಗುಟ್ಟನ್ನು ಕಾಪಾಡುವುದರ ಬದಲಾಗಿ ಬಹಿರಂಗ ಸನ್ಮಾನಮಾಡಿದನು. ಅದೂ ಸಾಲದೆ ಜನವರಿ 30ರಂದು, ಇಂಗ್ಲಿಷರ ವಿರುದ್ಧ ಸುಲ್ತಾನನಿಗೆ ನೆರವಾಗಬಯಸುವ ಸ್ವಯಂಸೇವಕರು ಮುಂದೆ ಬರಬೇಕೆಂದು ಒಂದು ಘೋಷಣಾಪತ್ರವನ್ನು ಅಚ್ಚುಹಾಕಿಸಿ ಹಂಚಿಸಿದನು. ಅಲ್ಲಿ ಸೈನ್ಯವೇ ಇರಲಿಲ್ಲ. ಏಪ್ರಿಲ್ 26ರಂದು ಫ್ರೆಂಚ್ ಯುದ್ಧನೌಕೆಯೊಂದು ಮಂಗಳೂರಿಗೆ ತಂದಿಳಿಸಿದ ಸ್ವಯಂಸೇವಕರ ಸಂಖ್ಯೆ ಸುಮಾರು ನೂರು. ಸಾವಿರಗಳನ್ನು ನಿರೀಕ್ಷಿಸಿದ್ದ ಸುಲ್ತಾನನಿಗೆ ದಕ್ಕಿದ್ದು ಇಷ್ಟೆ.

ಆದರೆ ಕಲ್ಕತ್ತೆಯಲ್ಲಿ ಅದೇ ಬೇಸಗೆಯಲ್ಲಿ ಅಧಿಕಾರ ವಹಿಸಿಕೊಂಡಿದ್ದ ಗವರ್ನರ್ ಜನರಲ್ ಮಾರ್ನಿಂಗ್‌ಟನ್ ಪ್ರಭುವಿಗೆ — ವೆಲ್ಲೆಸ್ಲಿಯೆಂದು ಚರಿತ್ರೆಯಲ್ಲಿ ಪ್ರಸಿದ್ಧನಾದವನು ಇವನೇ — ಆ ಘೋಷಣಾಪತ್ರದ ಪ್ರತಿ ಜೂನ್ ತಿಂಗಳಲ್ಲಿ ತಲಪಿತು. ಫ್ರೆಂಚರಿಂದ ಅಪಾಯವೇ ಇರಲಿಲ್ಲವೆಂದು ಹೇಳುವುದು ಅನ್ಯಾಯವಾದೀತು. ಆ ಜುಲೈಯಲ್ಲಿ ನೆಪೋಲಿಯನ್ನನು ಐಗುಪ್ತದಲ್ಲಿ ಇಳಿದನು. 1799ರ ಜನವರಿಯಲ್ಲಿ ಅಲ್ಲಿಂದ ಸುಲ್ತಾನನಿಗೆ ಬರೆದ ಪತ್ರವು ದಾರಿಯಲ್ಲಿ ಇಂಗ್ಲಿಷರ ಕೈಗೆ ಸಿಕ್ಕಿತು. ಹೀಗೆ ಭಯಕ್ಕೆ ಒಂದು ನಿಜವಾದ ಬೀಜವಿತ್ತು. ಆದರೆ ಬೀಜಕ್ಕೂ ವೃಕ್ಷಕ್ಕೂ ಅಂತರವುಂಟು. ಅದೇ 1798ರ ಮೇ 9ರಂದು ಅಮೆರಿಕದ ಬಾಸ್ಟನ್ನಿನಲ್ಲಿ ಜೆಡಿಡಯಾ ಮೋರ್ಸ್ ಎಂಬ ಪಾದ್ರಿಯು, ಇಲ್ಲುಮಿನಾಟಿಗಳು ಅಮೆರಿಕದೊಳಗೂ ನುಸುಳಿದ್ದಾರೆಂದು ಉಪದೇಶಮಾಡಿದನು. ಕಲ್ಕತ್ತೆಯಲ್ಲಿ ವೆಲ್ಲೆಸ್ಲಿ 1800ರಲ್ಲಿ ಫೋರ್ಟ್ ವಿಲಿಯಂ ಕಾಲೇಜನ್ನು ಸ್ಥಾಪಿಸಿದಾಗ, ಕುಂಪಣಿಯ ಎಳೆಯ ನೌಕರರನ್ನು ಫ್ರಾನ್ಸಿನ ವಿಚಾರಗಳ ಸೋಂಕಿನಿಂದ ಕಾಪಾಡುವುದೂ ಅದರ ಉದ್ದೇಶಗಳಲ್ಲೊಂದೆಂದು ಬರೆದಿಟ್ಟನು. ಗಾಳಿಯೇ ಹಾಗಿದ್ದಿತು. ಅಂತಹ ಗಾಳಿಯಲ್ಲಿ ನೂರು ಮಂದಿ ಸ್ವಯಂಸೇವಕರು ಒಂದು ಜಗದ್ವ್ಯಾಪಿ ಒಳಸಂಚಿನ ಮುಂಚೂಣಿಯಾಗಿ ತೋರಿದುದರಲ್ಲಿ ಆಶ್ಚರ್ಯವಿಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು; ಸುಲ್ತಾನನು ಕೋಟೆಯ ಬಾಗಿಲಿನಲ್ಲಿ ಹೋರಾಡುತ್ತ ಮಡಿದನು. ಮಂಗಳೂರೂ ಕನ್ನಡ ಜಿಲ್ಲೆಯೂ ಕುಂಪಣಿಯ ಪಾಲಾದುವು. ಕಾಣದ ಸಾಮ್ರಾಜ್ಯವೊಂದರ ಭಯವನ್ನು ಮುಂದಿಟ್ಟುಕೊಂಡು, ಕಾಣುವ ಸಾಮ್ರಾಜ್ಯವು ಹಾಡುಹಗಲಿನಲ್ಲಿ ಬಂದರಿನೊಳಕ್ಕೆ ಕಾಲಿಟ್ಟಿತು.

ಇಂತಹ ಸಂಶಯವು ಇಂಗ್ಲಿಷರಿಗೆ ಮಾತ್ರ ಮೀಸಲಾದುದೆಂದು ತಿಳಿಯಬಾರದು. ಕೆಲವು ವರ್ಷಗಳ ಹಿಂದೆ ಇದೇ ಬಂದರಿನಲ್ಲಿ ಸಂಶಯಿಸಿದವನು ಸುಲ್ತಾನನೇ. 1783ರಲ್ಲಿ ಇಂಗ್ಲಿಷರು ಮಂಗಳೂರಿನ ಕೋಟೆಯನ್ನು ಹಿಡಿದರು. ಸುಲ್ತಾನನು ತಿಂಗಳುಗಟ್ಟಲೆ ಮುತ್ತಿಗೆ ಹಾಕಿ 1784ರ ಜನವರಿಯ ಕೊನೆಯಲ್ಲಿ ಅದನ್ನು ಮರಳಿ ಪಡೆದನು. ಇಲ್ಲಿಯ ಕೊಂಕಣಿ ಕ್ರೈಸ್ತರು ಇಂಗ್ಲಿಷ್ ಸೇನಾಪತಿಗೆ ಹಣವನ್ನೂ ಸಾಮಗ್ರಿಯನ್ನೂ ಒದಗಿಸಿದರೆಂಬ ಆರೋಪ ಹುಟ್ಟಿತು. ಅವರ ಪೂರ್ವಿಕರು ಗೋವೆಯಿಂದ ಬಂದವರು. ಅವರ ಪಾದ್ರಿಗಳು ಗೋವೆಯ ಆರ್ಚ್‌ಬಿಷಪನಿಗೂ, ಆ ಮೂಲಕ ಪೋರ್ಚುಗಲ್ಲಿಗೂ ರೋಮಿಗೂ ವಿಧೇಯರು. ಕಡಲಾಚೆಯ ಗುರುವಿಗೆ ತಲೆಬಾಗುವವನು ಕಡಲೀಚೆಯ ಅರಸನಿಗೆ ದ್ರೋಹ ಬಗೆಯದಿರುವನೇ ಎಂಬ ತರ್ಕಕ್ಕೆ ಮತದ ವೈಷಮ್ಯವೂ ಬೆರೆಯಿತು. ಫೆಬ್ರವರಿಯಲ್ಲಿ, ತಪಸ್ಸುಕಾಲದ ಮೊದಲ ದಿನವಾದ ವಿಭೂತಿ ಬುಧವಾರದಂದು, ಜಿಲ್ಲೆಯ ಕ್ರೈಸ್ತರನ್ನು ಸೆರೆಹಿಡಿಯಲು ತೊಡಗಿ, ಹೆಂಗಸರು ಮಕ್ಕಳೆನ್ನದೆ ಘಟ್ಟದ ಮೇಲೆ ಶ್ರೀರಂಗಪಟ್ಟಣದ ಕಡೆಗೆ ನಡೆಯಿಸಲಾಯಿತು. ಅವರ ಸಂಖ್ಯೆಯನ್ನು 30,000ದಿಂದ 80,000ದ ವರೆಗೆ ಬೇರೆಬೇರೆಯಾಗಿ ಹೇಳಿದ್ದಾರೆ. ದಾರಿಯಲ್ಲಿಯೂ ಸೆರೆಯಲ್ಲಿಯೂ ಸತ್ತವರು ಬಹಳ. ಮಿಲಾಗ್ರಿಸ್ ಇಗರ್ಜಿಯೇ ಮೊದಲಾದ ಇಗರ್ಜಿಗಳು ನೆಲಸಮವಾದುವು. ಹದಿನೈದು ವರ್ಷಗಳ ಮೇಲೆ ಬದುಕುಳಿದು ಹಿಂದಿರುಗಿದವರಿಗೆ ಮನೆಯೂ ಇರಲಿಲ್ಲ, ಗದ್ದೆಯೂ ಇರಲಿಲ್ಲ. ಕೆಲವರು ಶತ್ರುವಿಗೆ ನೆರವಾಗಿದ್ದರೆಂದೇ ಭಾವಿಸಿದರೂ, ತೊಟ್ಟಿಲ ಕೂಸಿಗೆ ಯಾವ ಸೇನಾಪತಿಯ ಪರಿಚಯವಿತ್ತು? ಒಬ್ಬೊಬ್ಬನ ಅಪರಾಧವನ್ನು ವಿಚಾರಿಸುವ ಕಷ್ಟವನ್ನು ಬಿಟ್ಟು ಇಡಿಯ ಜನಾಂಗವನ್ನೇ ಒಂದು ಸಂಚೆಂದು ಎಣಿಸುವುದು ಸಂಶಯದ ಹಳೆಯ ಅಭ್ಯಾಸ. ಬವೇರಿಯವು ಗುಪ್ತಸಂಘಗಳನ್ನು ನಿಷೇಧಿಸಿದುದೂ ಅದೇ ವರ್ಷದ ಜೂನ್ ತಿಂಗಳಿನಲ್ಲಿ ಎಂಬುದನ್ನು ವಾಚಕರು ನೆನೆಯಬಹುದು.

ಈ ಬಂದರಿನಲ್ಲಿ ಸಂಶಯಕ್ಕೆ ಗುರಿಯಾದ ಇನ್ನೊಂದು ಸಂಸ್ಥೆಯ ಕಥೆಯು ಮತ್ತಷ್ಟು ಬೋಧಪ್ರದವಾದುದು. 1780ರಲ್ಲಿ ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದಲ್ಲಿ ಭಕ್ತಿಪಂಥದ ಕ್ರೈಸ್ತರು ನಾಸ್ತಿಕವಿಚಾರಗಳನ್ನು ಎದುರಿಸಲು ಒಂದು ಸಮಾಜವನ್ನು ಕಟ್ಟಿದರು. ಆ ಪಂಥದವರು ಆದರದಿಂದ ಓದುತ್ತಿದ್ದ ಯುಂಗ್ ಸ್ಟಿಲ್ಲಿಂಗ್ ಎಂಬ ಲೇಖಕನು ಫ್ರಾನ್ಸಿನ ಕ್ರಾಂತಿಯಲ್ಲಿ ಕ್ರಿಸ್ತವಿರೋಧಿಯ ಆಗಮನದ ಚಿಹ್ನೆಗಳನ್ನು ಕಂಡನು. ಅವರಲ್ಲೇ ಪೂಜ್ಯನಾಗಿದ್ದ ಬೆಂಗೆಲ್ ಎಂಬ ಪಂಡಿತನು ಪ್ರಕಟನೆಯ ಅಂಕೆಗಳನ್ನು ಗುಣಿಸಿ ಕಳೆದು, 1836ರಲ್ಲಿ ಮೃಗವು ಸೋತು ಸಹಸ್ರವರ್ಷಗಳ ಧರ್ಮರಾಜ್ಯವು ತೊಡಗುವುದೆಂದು ಮೊದಲೇ ಲೆಕ್ಕಹಾಕಿದ್ದನು. ಇಂತಹ ವಾತಾವರಣದಿಂದ 1815ರಲ್ಲಿ ಹುಟ್ಟಿದುದೇ ಬಾಸೆಲ್ ಮಿಶನ್. 1834ರ ಅಕ್ಟೋಬರ್ 30ರಂದು ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರನ್ನು ತಲಪಿದರು. 1836 ಬಂದಿತು, ಹೋಯಿತು. ಲೋಕವು ಮೊದಲಿದ್ದಂತೆಯೇ ಇದ್ದಿತು. ಮಿಶನಿನವರು ಶಾಲೆ ತೆರೆದರು, 1841ರಲ್ಲಿ ಅಚ್ಚುಕೂಟವನ್ನಿಟ್ಟರು. 1843ರಲ್ಲಿ ಹರ್ಮನ್ ಮೋಗ್ಲಿಂಗನು ಕನ್ನಡದ ಮೊದಲ ಸಮಾಚಾರಪತ್ರಿಕೆಯನ್ನು ಇಲ್ಲಿಂದಲೇ ಹೊರಡಿಸಿದನು. 1865ರಲ್ಲಿ ಜೆಪ್ಪಿನಲ್ಲಿ ಹಂಚಿನ ಕಾರ್ಖಾನೆ ಎದ್ದಿತು. 1894ರಲ್ಲಿ ಕಿಟ್ಟೆಲರ ನಿಘಂಟು ಹೊರಬಂದಿತು. ಕಾಣದ ಶತ್ರುವಿಗೆ ಅಂಜಿದ ಪರಂಪರೆಯಲ್ಲಿ ಬೆಳೆದವರು ಇಲ್ಲಿ ಮಾಡಿದುದು ಕಣ್ಣಿಗೆ ಕಾಣುವ ಕೆಲಸ. ಅದರಲ್ಲಿ ಉಳಿದುದೂ ಅದೇ.

ಆದರೆ 1914ರಲ್ಲಿ ಯುರೋಪಿನ ಮಹಾಯುದ್ಧವು ತೊಡಗಿದಾಗ ಈ ಜನರ ಮೇಲೆಯೇ ಸಂಶಯದ ನೆರಳು ಬಿದ್ದಿತು. ಮಿಶನಿನ ಮೂಲಸ್ಥಾನವು ತಟಸ್ಥವಾದ ಸ್ವಿಟ್ಸರ್ಲೆಂಡ್. ಆದರೆ ಪಾದ್ರಿಗಳಲ್ಲಿ ಬಹುಮಂದಿ ಜರ್ಮನ್ ಪ್ರಜೆಗಳು. ಶತ್ರುರಾಷ್ಟ್ರದವರೆಂಬ ಕಾರಣದಿಂದ ಕೆಲವರನ್ನು ಅಹಮದನಗರದ ಬಂದೀಖಾನೆಯಲ್ಲಿಟ್ಟರು. ಇತರರನ್ನು ಸ್ವದೇಶಕ್ಕೆ ಕಳುಹಿಸಿದರು. ಹಂಚಿನ ಮತ್ತು ನೇಯ್ಗೆಯ ಕಾರ್ಖಾನೆಗಳು ಯುದ್ಧಾನಂತರ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಇಂಗ್ಲಿಷ್ ಸಂಸ್ಥೆಯ ವಶವಾದುವು. ಎಂಬತ್ತು ವರ್ಷ ಈ ನೆಲದಲ್ಲಿ ನಡೆಯಿಸಿದ ಶಾಲೆ, ಕಾರ್ಖಾನೆ, ಅಚ್ಚುಕೂಟಗಳು ಒಂದು ಯುದ್ಧದ ಸಂಶಯದ ಎದುರಿಗೆ ಸಾಕ್ಷಿಯಾಗಿ ನಿಲ್ಲಲಿಲ್ಲ. ಮತ್ತೊಂದೆಡೆ, ಹಿಂದೆ ಲೋಕಾಧಿಪತ್ಯದ ಅಪವಾದವನ್ನು ಹೊತ್ತ ಜೆಸುಯಿಟರು ಸಭೆಯ ಪುನಃಸ್ಥಾಪನೆಯಾದ ಮೇಲೆ 1878ರ ಡಿಸೆಂಬರ್ 31ರಂದು ಇಟಲಿಯಿಂದ ಇಲ್ಲಿಗೆ ಬಂದಿದ್ದರು. ಅವರು 1880ರಲ್ಲಿ ಸಂತ ಅಲೋಸಿಯಸ್ ಕಾಲೇಜನ್ನು ತೆರೆದರು. ಅವರಲ್ಲೊಬ್ಬರಾದ ಫಾದರ್ ಮುಲ್ಲರ್ ಕಂಕನಾಡಿಯಲ್ಲಿ ಔಷಧಾಲಯವನ್ನೂ ಕುಷ್ಠರೋಗಿಗಳ ಆಶ್ರಮವನ್ನೂ ನಡೆಯಿಸಿದರು. ಕ್ರಾಕೌದ ಪುಸ್ತಕವು ವರ್ಣಿಸಿದ ಮಾಯಾವಿಗಳ ಸುಳಿವು ಊರಿನ ಜನಕ್ಕೆ ಎಲ್ಲಿಯೂ ಸಿಕ್ಕಲಿಲ್ಲ.

ಬಾರ್ಯುಯೆಲ್ಲನ ಕಥೆಯು ಅಷ್ಟಕ್ಕೇ ನಿಲ್ಲದೆ ಇನ್ನೂ ಕೆಟ್ಟ ದಾರಿಯನ್ನು ಹಿಡಿಯಿತು. 1806ರಲ್ಲಿ ಅವನಿಗೆ ಇಟಲಿಯಿಂದ ಬಂದ ಪತ್ರವೊಂದು, ಫ್ರೀಮೇಸನ್ನರ ಬೆನ್ನ ಹಿಂದೆ ಯೆಹೂದ್ಯರಿದ್ದಾರೆಂದು ಹೇಳಿತು. ಸಿಂಹಾಸನವು ಒಂದೇ, ಅದರಲ್ಲಿ ಕುಳ್ಳಿರಿಸಲ್ಪಟ್ಟವರು ಮಾತ್ರ ಬದಲಾಗುತ್ತ ಹೋದರು. 1903ರಲ್ಲಿ ರಷ್ಯದ ಪತ್ರಿಕೆಯೊಂದರಲ್ಲಿ, ಯೆಹೂದ್ಯ ಹಿರಿಯರು ಲೋಕವನ್ನು ವಶಪಡಿಸಿಕೊಳ್ಳಲು ಗುಪ್ತಸಭೆ ಸೇರಿ ಮಾಡಿದ ನಿರ್ಣಯಗಳೆಂಬ ಬರಹವು ಪ್ರಕಟವಾಯಿತು. 1905ರಲ್ಲಿ ಸೆರ್ಗೆಯ್ ನಿಲುಸ್ ಎಂಬ ಭಾವುಕಭಕ್ತನು ಕ್ರಿಸ್ತವಿರೋಧಿಯ ಆಗಮನವನ್ನು ಕುರಿತ ತನ್ನ ಗ್ರಂಥದಲ್ಲಿ ಅದನ್ನು ಸೇರಿಸಿದನು. ಮತೀಯ ಮೂಲವು ಇಲ್ಲಿ ಮತ್ತೆ ಬಯಲಾಗುತ್ತದೆ. 1921ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಯ ಫಿಲಿಪ್ ಗ್ರೇವ್ಸನು, ಈ ಬರಹದ ಬಹುಭಾಗವು 1864ರಲ್ಲಿ ಮೋರಿಸ್ ಜೋಲಿ ಎಂಬ ಫ್ರೆಂಚನು ಮೂರನೆಯ ನೆಪೋಲಿಯನ್ನನನ್ನು ಹಳಿಯಲು ಬರೆದ ಸಂವಾದದ ನಕಲೆಂದು ಸಾಲುಸಾಲಾಗಿ ಹೋಲಿಸಿ ತೋರಿಸಿದನು. ಜೋಲಿಯ ಗ್ರಂಥದಲ್ಲಿ ಯೆಹೂದ್ಯರ ಮಾತೇ ಇರಲಿಲ್ಲ. ಆದರೂ ಜರ್ಮನಿಯ ಹಿಟ್ಲರನ ಪಕ್ಷವು ಈ ಕೃತ್ರಿಮವನ್ನು ಬೋಧಿಸಿತು. ಸುಮಾರು 60 ಲಕ್ಷ ಯೆಹೂದ್ಯರ ವಧೆಗೆ ದಾರಿಮಾಡಿದ ದ್ವೇಷಕ್ಕೆ ಇದೂ ಇಂಧನವಾಯಿತು.

ಈ ಕೃತ್ರಿಮಕ್ಕೆ ಮಂಗಳೂರಿನಿಂದ ಒಂದು ಉತ್ತರವುಂಟು. ಹನ್ನೆರಡನೆಯ ಶತಮಾನದಲ್ಲಿ ಈ ಊರಿನಲ್ಲಿ ಅಬ್ರಹಾಂ ಬಿನ್ ಯಿಜು ಎಂಬ ಯೆಹೂದ್ಯ ವರ್ತಕನಿದ್ದನು. ಆಫ್ರಿಕದ ಉತ್ತರ ಕರಾವಳಿಯ ಮಹದಿಯ ಎಂಬ ಪಟ್ಟಣದವನು. ಏಡನ್ ಮಾರ್ಗವಾಗಿ ಬಂದು 1132ರ ವೇಳೆಗೆ ಇಲ್ಲಿ ನೆಲೆಸಿ, 1149ರಲ್ಲಿ ಏಡನಿಗೆ ಹಿಂದಿರುಗಿದನು. ಆಗ ತುಳುನಾಡನ್ನು ಆಳುತ್ತಿದ್ದವರು ಅಳುಪರು. ಕೈರೋ ಪರಿಸರದ ಯೆಹೂದ್ಯ ಪ್ರಾರ್ಥನಾಮಂದಿರವೊಂದರ ಕೋಣೆಯಲ್ಲಿ, ದೇವರ ಹೆಸರಿರಬಹುದಾದ ಕಾಗದವನ್ನು ಹಾಳುಮಾಡಬಾರದೆಂಬ ಸಂಪ್ರದಾಯದಿಂದ ರಾಶಿಹಾಕಿದ್ದ ಪತ್ರಗಳ ನಡುವೆ ಅವನ ವ್ಯವಹಾರದ ಕಾಗದಗಳೂ ಉಳಿದುಬಂದುವು. 1896-97ರಲ್ಲಿ ಸೊಲೊಮನ್ ಶೆಕ್ಟರನು ಆ ರಾಶಿಯ ಬಹುಭಾಗವನ್ನು ಕೇಂಬ್ರಿಜಿಗೆ ಸಾಗಿಸಿದನು. ಗೊಯ್‌ಟೈನ್ ಮೊದಲಾದ ವಿದ್ವಾಂಸರು ಅವನ್ನು ಓದಿ ಪ್ರಕಟಿಸಿದರು. ಅಂತೂ ಏಡನ್, ಕೈರೋ, ಮಂಗಳೂರುಗಳನ್ನು ಬೆಸೆದ ಯೆಹೂದ್ಯ ವರ್ತಕರ ಖಾಸಗಿ ಪತ್ರಗಳು, ಪರರು ಓದುವರೆಂಬ ಶಂಕೆಯೇ ಇಲ್ಲದೆ ಬರೆದವು, ಇಂದು ಯಾರಿಗೂ ದೊರಕುವಂತಿವೆ. ಲೋಕಾಧಿಪತ್ಯದ ಗುಟ್ಟು ಎಲ್ಲಿಯಾದರೂ ಇದ್ದರೆ ಅಲ್ಲಿ ಇರಬೇಕು.

ಅಲ್ಲಿರುವುದು ಕಬ್ಬಿಣ, ಮೆಣಸು, ಏಲಕ್ಕಿ, ಅಡಿಕೆಗಳ ಲೆಕ್ಕ. ಏಡನಿನಿಂದ ಹಳೆಯ ತಾಮ್ರದ ಪಾತ್ರೆಗಳು ಬರುತ್ತವೆ. ಬಿನ್ ಯಿಜುವಿನ ಕಂಚಿನ ಕಾರ್ಖಾನೆಯಲ್ಲಿ ಹೊಸ ಪಾತ್ರೆಗಳಾಗಿ ಹಿಂದಿರುಗುತ್ತವೆ. ಮಿತ್ರರು ಸಕ್ಕರೆ, ಒಣದ್ರಾಕ್ಷಿ, ಚಾಪೆ, ಬರೆಯುವ ಕಾಗದಗಳನ್ನು ಕಳುಹಿಸುತ್ತಾರೆ. ಕಾಗದ ದುರ್ಲಭವಾದುದರಿಂದ ಬಂದ ಪತ್ರಗಳ ಬೆನ್ನಮೇಲೆಯೇ ಬಿನ್ ಯಿಜು ತನ್ನ ಜಮಾಖರ್ಚನ್ನು ಗೀಚುತ್ತಾನೆ. ಕಾರ್ದಾರನೊಬ್ಬನು ಏಲಕ್ಕಿಗೆ ಮುಂಗಡ ತೆಗೆದುಕೊಂಡು ಸರಕು ಕೊಡದೆ ಸತಾಯಿಸುತ್ತಾನೆ. ಏಡನಿನ ಪಾಲುದಾರರು ಅದಕ್ಕಾಗಿ ಕೊರಗುತ್ತಾರೆ. ಬಿನ್ ಯಿಜುವಿನ ಗುಮಾಸ್ತನಾದ ಬೊಮ್ಮನೆಂಬ ಈ ಕಡೆಯ ಸೇವಕನು ಏಡನಿಗೆ ಹೋಗಿ ಕುಡಿದು ಹಣಕ್ಕಾಗಿ ಗಲಾಟೆ ಮಾಡುತ್ತಾನೆ. ಏಡನಿನ ಮುಖ್ಯ ವರ್ತಕ ಮದ್ಮೂನನು ಮಂಗಳೂರಿನ ಬನಿಯಾ ವರ್ತಕರಿಗೆ ನಮಸ್ಕಾರ ಹೇಳಿ, ಪಾಲಿನ ವ್ಯಾಪಾರಕ್ಕೆ ಆಹ್ವಾನಿಸುತ್ತಾನೆ. 1135ರಲ್ಲಿ ಪಾರಸಿಕ ಕೊಲ್ಲಿಯ ಕೀಶ್ ದ್ವೀಪದವರು ಏಡನ್ ಬಂದರನ್ನು ಮುತ್ತಿದಾಗ, ಅದನ್ನು ಪಾರುಮಾಡಿದುದು ರಾಮಿಶ್ತ್ ಎಂಬ ಮುಸಲ್ಮಾನ ವರ್ತಕನ ಎರಡು ಹಡಗುಗಳು. ಲೋಕವನ್ನಾಳುವುದಿರಲಿ, ಕೊಟ್ಟ ಮುಂಗಡವನ್ನು ವಸೂಲುಮಾಡುವುದೇ ಇವರಿಗೆ ಸಾಧ್ಯವಾಗಲಿಲ್ಲ. ಬಿನ್ ಯಿಜುವಿನ ಕೊನೆಯ ಪತ್ರಗಳಲ್ಲಿ ಯುದ್ಧದಿಂದ ಚದುರಿಹೋದ ಒಡಹುಟ್ಟಿದವರ ಚಿಂತೆಯೂ ಒಬ್ಬಳೇ ಮಗಳ ಮದುವೆಯ ಚಿಂತೆಯೂ ತುಂಬಿದೆ.

ಹಾಗಾದರೆ ಒಳಸಂಚೆಂಬುದೇ ಇಲ್ಲವೆ? ಉಂಟು. ವಿಶಾಖದತ್ತನ ಮುದ್ರಾರಾಕ್ಷಸವನ್ನು ಕನ್ನಡದಲ್ಲಿ ಮುದ್ರಾಮಂಜೂಷವಾಗಿ 1823ರಲ್ಲಿ ಕೆಂಪುನಾರಾಯಣನು ಬರೆದನು; ಅದರ ಕಥೆಯೆಲ್ಲ ಗೂಢಚಾರರಿಂದಲೇ ನಡೆಯುತ್ತದೆ. ಆದರೆ ಅಲ್ಲಿ ಚಾಣಕ್ಯನಿಗೆ ಬೇಕಾದುದು ಒಬ್ಬ ಮಂತ್ರಿ. ಅವನು ದೊರೆತೊಡನೆ ಸಂಚು ಮುಗಿಯುತ್ತದೆ. 1837ರ ಏಪ್ರಿಲಿನಲ್ಲಿ ಸುಳ್ಯ-ಪುತ್ತೂರು ಸೀಮೆಯಿಂದ ಹೊರಟ ದಂಡು ಮಂಗಳೂರನ್ನು ಹಿಡಿದು ಸುಮಾರು ಎರಡು ವಾರ ಆಳಿತು. ಕುಂಪಣಿಯ ಅಧಿಕಾರಿಗಳು ಬಂದರಿನಿಂದ ಹಡಗು ಹತ್ತಿ ಕಣ್ಣಾನೂರಿಗೆ ಓಡಿದರು. ಅದಕ್ಕೂ ಗುಟ್ಟಿನ ಸಿದ್ಧತೆಯಿತ್ತು. ಆದರೆ ಅದರ ಕಾರಣವನ್ನು ಲೋಕಾಂತ್ಯದ ದರ್ಶನಗಳಲ್ಲಿ ಹುಡುಕಬೇಕಾಗಿಲ್ಲ. ಕೊಡಗಿನ ಅರಸು ಹೋಗಿ ಆ ಸೀಮೆಯು ಕನ್ನಡ ಜಿಲ್ಲೆಗೆ ಸೇರಿತು, ಮೊದಲು ಧಾನ್ಯದಲ್ಲಿ ಕೊಡುತ್ತಿದ್ದ ತೆರಿಗೆಯನ್ನು ನಗದಾಗಿ ಕೇಳಿದರು, ರೈತರು ಎದ್ದರು. ನಿಜವಾದ ಸಂಚಿಗೆ ಊರುಂಟು, ಕಾರಣವುಂಟು, ಕೊನೆಯುಂಟು. ಅದರಲ್ಲಿ ಸೋಲುವವರೂ ಬಾಯಿಬಿಡುವವರೂ ಇರುತ್ತಾರೆ. ಕಾಣದ ಲೋಕಾಧಿಪತ್ಯಕ್ಕಾದರೋ ಊರಿಲ್ಲ, ಕೊನೆಯಿಲ್ಲ. ಅದು ಎಂದಿಗೂ ತಪ್ಪುಮಾಡದು, ಎಲ್ಲವನ್ನೂ ಬಲ್ಲದು. ಇವು ದೇವರಿಗೆ ಸಲ್ಲುವ ಗುಣಗಳು. ಆದುದರಿಂದಲೇ ಮತಶ್ರದ್ಧೆಯ ಮಣ್ಣಿನಲ್ಲಿ ಆ ಕಲ್ಪನೆ ಸುಲಭವಾಗಿ ಬೇರುಬಿಟ್ಟಿತು: ಕೇಡಿಗೆ ಹಲವು ಸಣ್ಣ ಕಾರಣಗಳಿವೆಯೆಂದು ಒಪ್ಪುವುದಕ್ಕಿಂತ, ಅದಕ್ಕೊಬ್ಬ ಅಧಿದೇವತೆಯಿದ್ದಾನೆಂದು ನಂಬುವುದು ನೊಂದ ಮನಸ್ಸಿಗೆ ಸಮಾಧಾನಕರ.

1974ರಲ್ಲಿ ಪಣಂಬೂರಿನ ಹೊಸ ಬಂದರು ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿದ ಮೇಲೆ ಹಳೆಯ ಬಂದರಿಗೆ ದೊಡ್ಡ ಹಡಗುಗಳು ಬರುವುದಿಲ್ಲ. ಮೀನುಗಾರರ ದೋಣಿಗಳೂ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳೂ ದಕ್ಕೆಯಲ್ಲಿ ನಿಲ್ಲುತ್ತವೆ. ಬೀದಿಗಳಲ್ಲಿ ಮೆಣಸು, ಅಡಿಕೆ, ಬೆಲ್ಲಗಳ ಮಂಡಿಗಳಿವೆ. ಹಿಂದೆ ಹಡಗಿನಲ್ಲಿ ತಿಂಗಳುಗಟ್ಟಲೆ ಪಯಣಮಾಡಿ ಬರುತ್ತಿದ್ದ ವದಂತಿಯು ಈಗ ಕೈಯಲ್ಲಿಯ ಮೊಬೈಲಿಗೆ ಕ್ಷಣದಲ್ಲಿ ಬಂದು ಬೀಳುತ್ತದೆ. ಅದರಲ್ಲಿ ಇಲ್ಲುಮಿನಾಟಿಗಳ ಹೆಸರೂ ಉಂಟು. ಅದನ್ನು ನಂಬುವ ಮೊದಲು, ಈ ಬಂದರಿನಲ್ಲಿ ಒಮ್ಮೆ ಯಾರು ಯಾರನ್ನು ಸಂಶಯಿಸಿದರು, ಆ ಸಂಶಯದ ಬೆಲೆಯನ್ನು ಯಾರು ತೆತ್ತರು ಎಂಬುದನ್ನು ವಿಚಾರಿಸುವುದು ಒಳ್ಳೆಯದು. 1784ರಲ್ಲಿ ಘಟ್ಟ ಹತ್ತಿದವರು ಸೇನಾಪತಿಗಳಲ್ಲ. ಗದ್ದೆ ಉಳುವವರೂ ಅವರ ಮಕ್ಕಳೂ.